ಕೀ ತಿರುಗಿಸಿದರೆ ಟಕ್ ಟಕ್ ಅಂತಿದೆಯಾ? ಮೊದಲು ಮೀಟರ್ ಹಿಡಿಯಿರಿ

ನಮ್ಮದು ರಾಯಚೂರು. ಮನೆಯಲ್ಲೊಂದು ಹಳೆಯ ವ್ಯಾಗನ್‌ಆರ್ ಇದೆ. ಆಗೊಮ್ಮೆ ಈಗೊಮ್ಮೆ ಗುರುವಾರ ಅವ್ವನನ್ನು ಮಂತ್ರಾಲಯಕ್ಕೆ ಕರೆದುಕೊಂಡು ಹೋಗುವುದು ಬಿಟ್ಟರೆ ಬೇವಿನ ಮರದ ಕೆಳಗೇ ನಿಂತಿರುತ್ತದೆ. ಒಂದು ಗುರುವಾರ ಬೆಳಗಿನ ಐದಕ್ಕೆ ಸೆಲ್ಫ್ ಹೊಡೆದರೆ ಟಕ್ ಟಕ್, ಅಷ್ಟೇ. ‘ರಾಯರು ಇವತ್ತ ಬರಬ್ಯಾಡ ಅಂದಾರ ನೋಡು’ ಅಂದಳು ಅವ್ವ.

ಮೆಕ್ಯಾನಿಕ್ ಬಂದು ‘ಬ್ಯಾಟರಿ ಹೋಗಿದೆ’ ಅಂದ. ಹೊಸದು ಹಾಕಿಸಿದೆ. ಕಾರು ಒಂದು ವಾರ ನಿಂತದ್ದೇ ತಡ, ಅದೂ ಮಲಗಿತು. ಆಮೇಲೆ ಬುದ್ಧಿ ಬಂದು ಮುನ್ನೂರು ಚಿಲ್ಲರೆಗೆ ವೋಲ್ಟೂ ಕರೆಂಟೂ ಅಳೆಯುವ ಒಂದು ಮಲ್ಟಿಮೀಟರ್ ತಂದೆ.

ಅಳೆಯುವುದು ಸುಲಭ. ರಾತ್ರಿಯಿಡೀ ನಿಂತ ಕಾರಿನ ಬಾನೆಟ್ ಎತ್ತಿ, ಮೀಟರನ್ನು ಡಿಸಿ 20 ವೋಲ್ಟಿಗೆ ಇಟ್ಟು, ಕೆಂಪು ಕಡ್ಡಿ ಪ್ಲಸ್‌ಗೆ, ಕಪ್ಪು ಕಡ್ಡಿ ಮೈನಸ್‌ಗೆ ಹಿಡಿಯಿರಿ. ಬ್ಯಾಟರಿಯೊಳಗೆ ಆರು ಸೆಲ್ ಇರುತ್ತವೆ, ಒಂದೊಂದಕ್ಕೂ ಸುಮಾರು 2.1 ವೋಲ್ಟ್. ಹಾಗಾಗಿ ಹೆಸರಿಗೆ 12 ಆದರೂ ತುಂಬಿದ ಬ್ಯಾಟರಿ 12.6 ತೋರಿಸಬೇಕು. 12.4 ಅಂದರೆ ಮುಕ್ಕಾಲು. 12 ಕಂಡರೆ ‘ಸರಿಯಾಗೇ ಇದೆಯಲ್ಲ’ ಅಂದುಕೊಳ್ಳಬೇಡಿ, ಅದು ಹೆಚ್ಚುಕಮ್ಮಿ ಖಾಲಿ. ಇಂಜಿನ್ ಓಡುವಾಗ 13.8ರಿಂದ 14.4ರ ಆಸುಪಾಸು ಬರಬೇಕು. ಹಳೆಯ ಕಾರಿನಲ್ಲಿ ಅದು ಮೇಲೇರದಿದ್ದರೆ ತಪ್ಪು ಬ್ಯಾಟರಿಯದಲ್ಲ, ಇಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರನ್ನೋ ಅದರ ಬೆಲ್ಟನ್ನೋ ನೋಡಿಸಿ.

ನನ್ನದರಲ್ಲಿ ಇಂಜಿನ್ ಓಡುವಾಗ 14.2 ಬರುತ್ತಿತ್ತು. ಅಂದಮೇಲೆ ಕರೆಂಟು ಎಲ್ಲೋ ಸೋರುತ್ತಿದೆ. ಅದನ್ನು ಹಿಡಿಯಲು ಮೈನಸ್ ಕೇಬಲ್ ಬಿಚ್ಚಿ, ಮೀಟರಿನ ಕೆಂಪು ಕಡ್ಡಿಯ ವೈರನ್ನೂ ಗುಂಡಿಯನ್ನೂ 10 ಆಂಪಿಯರ್‌ಗೆ ಬದಲಿಸಿ, ಕೇಬಲ್ಲಿಗೂ ಬ್ಯಾಟರಿಗೂ ನಡುವೆ ಸೇರಿಸಬೇಕು. ಬಾಗಿಲು ಹಾಕಿ ಅರ್ಧ ಗಂಟೆ ಬಿಡಿ. 50 ಮಿಲಿಆಂಪಿಯರ್ ಒಳಗಿದ್ದರೆ ಚಿಂತೆಯಿಲ್ಲ. ನಡುವೆ ಅಪ್ಪಿತಪ್ಪಿಯೂ ಸೆಲ್ಫ್ ಹೊಡೆಯಬೇಡಿ. ನನ್ನ ಮೀಟರಿನ ಫ್ಯೂಸ್ ಹೋದದ್ದೇ ಹಾಗೆ! ನನಗೆ ಸಿಕ್ಕಿದ್ದು 250. ಕಾರಿನ ಫ್ಯೂಸ್ ಒಂದೊಂದೇ ಕಿತ್ತು, ಯಾವುದಕ್ಕೆ ಮೀಟರ್ ಇಳಿಯುತ್ತದೆ ಅಂತ ನೋಡಿದಾಗ ಕಳ್ಳ ಸಿಕ್ಕ: ಕೀ ತೆಗೆದರೂ ಓಡುವಂತೆ ವೈರ್ ಎಳೆದಿದ್ದ ಡ್ಯಾಶ್‌ಕ್ಯಾಮ್, ಅಂದರೆ ರಸ್ತೆ ಚಿತ್ರೀಕರಿಸುವ ಕ್ಯಾಮೆರಾ. ನಮ್ಮದು 35 ಆಂಪಿಯರ್ ಅವರ್ ಬ್ಯಾಟರಿ, ಲೆಕ್ಕ ಹಾಕಿದರೆ (35 ÷ 0.25 = 140 ಗಂಟೆ) ಆರು ದಿನವೂ ಬಾರದು.

ಖಾಲಿಯಾದ ಬ್ಯಾಟರಿಯನ್ನು ಹಾಗೇ ಬಿಟ್ಟರೆ ಒಳಗಿನ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಮೊದಲಿನಂತೆ ಆಗುವುದಿಲ್ಲ. ನಿಂತಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿಟ್ಟರೆ ಸಾಲದು. ವಾರಕ್ಕೊಮ್ಮೆ ಅರ್ಧ ಗಂಟೆಯಾದರೂ ರಸ್ತೆಯಲ್ಲಿ ಓಡಿಸಿ.

ನಮ್ಮ ಊರಿನ ಬಿಸಿಲೂ ಬ್ಯಾಟರಿಗೆ ಶತ್ರುವೇ, ಆದಷ್ಟು ನೆರಳಲ್ಲಿ ನಿಲ್ಲಿಸಿ. ಮುಚ್ಚಳ ಬಿಚ್ಚುವಂಥ ಬ್ಯಾಟರಿಯಾದರೆ ಪ್ಲೇಟ್ ಮುಳುಗುವಷ್ಟು ಡಿಸ್ಟಿಲ್ಡ್ ವಾಟರ್ ಹಾಕಿ. ಬೋರಿನ ನೀರು ಬೇಡವೇ ಬೇಡ. ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಕಂಡರೆ ಮೊದಲು ಮೈನಸ್, ಆಮೇಲೆ ಪ್ಲಸ್ ಬಿಚ್ಚಿ, ಬಿಸಿನೀರಿಗೆ ಅಡುಗೆ ಸೋಡಾ ಕಲಸಿ ಹಳೆಯ ಬ್ರಶ್ಶಿನಲ್ಲಿ ಉಜ್ಜಿ. ಒರೆಸಿ, ಹಾಕುವಾಗ ಪ್ಲಸ್ ಮೊದಲು. ಮೇಲೆ ಚೂರು ವ್ಯಾಸಲೀನ್.

ಬೇರೆ ಕಾರಿನ ಬ್ಯಾಟರಿಯಿಂದ ಕರೆಂಟು ಪಡೆದು ಸ್ಟಾರ್ಟ್ ಮಾಡುವಾಗ, ಅಂದರೆ ಜಂಪ್ ಮಾಡುವಾಗ, ಕೆಂಪು ಕೇಬಲ್ಲಿನ ಎರಡು ತುದಿ ಎರಡೂ ಬ್ಯಾಟರಿಗಳ ಪ್ಲಸ್‌ಗೆ. ಕಪ್ಪಿನ ಒಂದು ತುದಿ ಒಳ್ಳೆಯ ಬ್ಯಾಟರಿಯ ಮೈನಸ್‌ಗೆ. ಇನ್ನೊಂದು ತುದಿ ಮಲಗಿದ ಬ್ಯಾಟರಿಗಲ್ಲ, ಅದರಿಂದ ದೂರ, ಇಂಜಿನ್ನಿನ ಬರೀ ಲೋಹಕ್ಕೆ. ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ, ಕಿಡಿ ತಾಗಿದರೆ ಸಿಡಿಯುತ್ತದೆ. ಪಕ್ಕದಲ್ಲಿ ಬೀಡಿ ಹಚ್ಚಿ ಸಲಹೆ ಕೊಡುವವರನ್ನು ದೂರ ಕಳಿಸಿ.

ಬದಲಿಸಲೇಬೇಕಾದರೆ ಹಳೆಯದನ್ನು ಅಂಗಡಿಗೇ ಕೊಡಿ. ಒಳಗಿನ ಸೀಸಕ್ಕೆ ಬೆಲೆಯಿದೆ, ಹೊಸದರ ಬಿಲ್ಲಿನಲ್ಲಿ ಮುರಿದುಕೊಳ್ಳುತ್ತಾರೆ. ನಾನು ಅವತ್ತು ಕೊಟ್ಟು ಬಂದದ್ದು ನಿಜಕ್ಕೂ ಸತ್ತಿತ್ತಾ, ಇಲ್ಲಾ ಬರೀ ಖಾಲಿಯಾಗಿತ್ತಾ? ಆಗ ಕೈಯಲ್ಲಿ ಮೀಟರ್ ಇರಲಿಲ್ಲ.