ಚೈನ್ ಸಾ ಎಳೆಯುತ್ತಿಲ್ಲ ಅಂದರೆ ನಾನು ಮೊದಲು ನೋಡುವುದು ಹೊಟ್ಟನ್ನು

ಸೌದೆ ಕೊಯ್ಯಲು ಚೈನ್ ಸಾ ತಗೋಬೇಕು ಅಂತಿರುವವರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ. ಯಾವ ಕಂಪನಿಯದು ಚೆನ್ನಾಗಿ ಬಾಳಿಕೆ ಬರುತ್ತೆ? ನಾನು ಬೇರೆ ಬೇರೆ ಕಂಪನಿಯ ಮೆಷಿನ್ ಹಿಡಿದು ವರ್ಷಗಳಿಂದ ಸೌದೆ ಕೊಯ್ಯುತ್ತಿದ್ದೇನೆ. ತೀರಾ ಅಗ್ಗದ ಮಾಲು ಬಿಟ್ಟರೆ, ಮೆಷಿನ್ ಯಾವುದೇ ಆಗಲಿ, ಕೈಕೊಡುವುದು ಹೆಚ್ಚಾಗಿ ಎರಡು ಕಾರಣಕ್ಕೆ. ಒಂದು ಮೊಂಡು ಚೈನ್. ಇನ್ನೊಂದು ಹಳೇ ಪೆಟ್ರೋಲ್. ಎರಡೂ ನಮ್ಮ ಕೈಯಲ್ಲೇ ಇವೆ, ಕಂಪನಿಯ ಕೈಯಲ್ಲಿ ಇಲ್ಲ.

‘ಪವರ್ ಕಡಿಮೆ ಆಗಿದೆ, ಎಳೀತಾನೇ ಇಲ್ಲ’ ಅಂತ ಯಾರಾದರೂ ಮೆಷಿನ್ ತಂದರೆ ನಾನು ಎಂಜಿನ್ ಮುಟ್ಟುವುದೇ ಇಲ್ಲ. ಒಂದು ದಿಮ್ಮಿ ಕೊಯ್ದು ಕೆಳಗೆ ಬಿದ್ದ ಹೊಟ್ಟನ್ನು ಅಂಗೈಗೆ ಹಾಕಿಕೊಂಡು ನೋಡುತ್ತೇನೆ. ಚೈನ್ ಹರಿತ ಇದ್ದರೆ ಬೀಳುವುದು ಪುಡಿ ಅಲ್ಲ, ಚಕ್ಕೆ. ಬೆರಳಲ್ಲಿ ಹಿಡಿದರೆ ಒಂದೊಂದಾಗಿ ಎಣಿಸಬಹುದು. ಮೊಂಡಾಗಿದ್ದರೆ ಹಿಟ್ಟಿನ ಹಾಗೆ ನುಣ್ಣಗೆ ಉದುರುತ್ತದೆ, ಗಾಳಿಗೆ ಹಾರುತ್ತದೆ, ಸುಟ್ಟ ವಾಸನೆಯೂ ಬರಬಹುದು. ಚೆನ್ನಾಗಿ ಒಣಗಿದ ಗಟ್ಟಿ ಮರದಲ್ಲಿ ಚಕ್ಕೆ ಸ್ವಲ್ಪ ಸಣ್ಣದಾಗುವುದು ಸಹಜ. ಆದರೂ ಚಕ್ಕೆ ಚಕ್ಕೆಯೇ, ಹಿಟ್ಟು ಹಿಟ್ಟೇ.

ಎರಡನೆಯ ಗುರುತು ಕೈಗೆ ಗೊತ್ತಾಗುತ್ತದೆ. ಹರಿತವಾದ ಚೈನ್ ತಾನೇ ಮರದೊಳಗೆ ಇಳಿಯುತ್ತದೆ. ಮೆಷಿನ್ನಿನ ಭಾರ ಸಾಕು, ನಾವು ಒತ್ತಬೇಕಿಲ್ಲ. ಒತ್ತಲೇಬೇಕು ಅನ್ನಿಸಿದ ಕ್ಷಣವೇ ಕೆಲಸ ನಿಲ್ಲಿಸಿ ಅರ ತೆಗೆಯಬೇಕು. ಮೊಂಡು ಚೈನನ್ನು ಒತ್ತಿ ಕೊಯ್ದರೆ ಬಾರ್, ಅಂದರೆ ಚೈನ್ ಓಡುವ ಉದ್ದನೆಯ ಪಟ್ಟಿ, ಕಾಯುತ್ತದೆ, ಕ್ಲಚ್ ಕಾಯುತ್ತದೆ, ಏರ್ ಫಿಲ್ಟರ್ ನುಣ್ಣನೆ ಪುಡಿಯಿಂದ ಬೇಗ ಕಟ್ಟಿಕೊಳ್ಳುತ್ತದೆ, ಪೆಟ್ರೋಲ್ ಸುಮ್ನೆ ಉರಿಯುತ್ತದೆ, ಸೊಂಟ ಹೋಗುತ್ತದೆ. ಆಮೇಲೆ ಬೈಗುಳ ತಿನ್ನುವುದು ಎಂಜಿನ್.

ಅರ ಹಾಕುವುದನ್ನು ಕಲಿತರೆ ಅರ್ಧ ಕೆಲಸ ಮುಗಿದ ಹಾಗೆ. ಮೊದಲು ಚೈನಿನ ಪಿಚ್ ಗೊತ್ತಿರಬೇಕು, ಅಂದರೆ ಕೊಂಡಿಗಳ ನಡುವಿನ ಅಂತರ, ಇಂಚಿನ ಲೆಕ್ಕದಲ್ಲಿ. ಬಾರ್ ಮೇಲೋ ಚೈನ್ ಬಂದ ಡಬ್ಬಿಯ ಮೇಲೋ ಬರೆದಿರುತ್ತಾರೆ. ಸಣ್ಣ ಮೆಷಿನ್‌ಗಳಲ್ಲಿ ಬರುವ 3/8 ಲೋ ಪ್ರೊಫೈಲ್ ಚೈನಿಗೆ ಸಾಮಾನ್ಯವಾಗಿ 4 ಮಿ.ಮೀ. ದುಂಡು ಅರ. .325 ಚೈನಿಗೆ 4.8 ಮಿ.ಮೀ. ದೊಡ್ಡ 3/8ಕ್ಕೆ 5.2 ಅಥವಾ 5.5. ಅಳತೆ ತಪ್ಪಿದ ಅರದಲ್ಲಿ ಎಷ್ಟು ಉಜ್ಜಿದರೂ ಹಲ್ಲಿನ ಕೊಕ್ಕೆ ಸರಿಯಾಗಿ ಬರುವುದಿಲ್ಲ.

ನಾನು ಮಾಡುವುದು ಹೀಗೆ. ಬಾರನ್ನು ವೈಸ್‌ನಲ್ಲಿ ಬಿಗಿದು ಚೈನ್ ಅಲುಗದಂತೆ ಚೈನ್ ಬ್ರೇಕ್ ಹಾಕುತ್ತೇನೆ. ಕಾಡಲ್ಲಿದ್ದರೆ ಕಡಿದ ಮರದ ಬುಡಕ್ಕೆ ಒಂದು ಗರಗಸದ ಗೆರೆ ಎಳೆದು ಅದರಲ್ಲೇ ಬಾರ್ ಕೂರಿಸುತ್ತೇನೆ. ಒಂದು ಹಲ್ಲಿಗೆ ಮಾರ್ಕರ್‌ನಲ್ಲಿ ಬಣ್ಣ ಹಚ್ಚಿ ಅಲ್ಲಿಂದ ಶುರು. ಹಲ್ಲಿನ ತಲೆಯ ಮೇಲೆ ಕಂಪನಿಯವರೇ ಓರೆ ಗೆರೆ ಕೊರೆದಿರುತ್ತಾರೆ. ಹೆಚ್ಚಿನ ಚೈನ್‌ಗಳಲ್ಲಿ ಅದು 30 ಡಿಗ್ರಿ, ಕೆಲವದರಲ್ಲಿ 25. ಅರ ಆ ಗೆರೆಗೆ ಸರಿಯಾಗಿ ನಿಲ್ಲಬೇಕು. ಅರದ ಐದನೇ ಒಂದು ಭಾಗ ಹಲ್ಲಿನ ತಲೆಗಿಂತ ಮೇಲೆ ಕಾಣಬೇಕು. ಹಲ್ಲಿನ ಒಳಗಿನಿಂದ ಹೊರಗೆ ತಳ್ಳಬೇಕು. ವಾಪಸ್ ಎಳೆಯುವಾಗ ಅರ ಎತ್ತಿಬಿಡಬೇಕು, ಉಜ್ಜಬಾರದು. ಹಿಂದಕ್ಕೂ ಮುಂದಕ್ಕೂ ಉಜ್ಜುವವರು ಅರವನ್ನೇ ಸವೆಸುತ್ತಾರೆ.

ಸಾಕಾಯಿತಾ ಇಲ್ಲವಾ ಅಂತ ತಿಳಿಯಲು ಹಲ್ಲನ್ನು ಬಿಸಿಲಿಗೆ ಹಿಡಿದು ಅಂಚನ್ನು ನೇರವಾಗಿ ನೋಡಿ. ಮೊಂಡಾದ ಅಂಚಿನಲ್ಲಿ ಸಣ್ಣ ಬಿಳಿ ಗೆರೆ ಮಿನುಗುತ್ತದೆ. ಅಂಚು ದುಂಡಾಗಿ ಬೆಳಕು ತಟ್ಟಿ ಬರುತ್ತಿದೆ ಅಂತ ಅರ್ಥ. ನಿಜವಾಗಿ ಹರಿತವಾದ ಅಂಚಿಗೆ ಬೆಳಕು ತಟ್ಟಲು ಜಾಗವೇ ಇರುವುದಿಲ್ಲ, ಏನೂ ಕಾಣುವುದಿಲ್ಲ. ಅದರಲ್ಲೂ ಹಲ್ಲಿನ ಮೂಲೆ ನೋಡಬೇಕು. ಮರವನ್ನು ಮೊದಲು ಕತ್ತರಿಸುವುದು ಆ ಮೂಲೆ. ಮೂಲೆಯಲ್ಲಿ ಬಿಳಿ ಚುಕ್ಕೆ ಉಳಿದಿದ್ದರೆ ಇನ್ನೂ ಒಂದೆರಡು ಸಲ ಅರ ತಳ್ಳಬೇಕು. ಕಲ್ಲು ತಾಗಿದ ಹಲ್ಲಿಗೆ ಜಾಸ್ತಿ ಬೇಕಾಗುತ್ತದೆ. ಆಗ ಆ ಹಲ್ಲು ಗಿಡ್ಡವಾಗುತ್ತದೆ, ಉಳಿದವನ್ನೂ ಅದಕ್ಕೆ ಸರಿಯಾಗಿ ಇಳಿಸುತ್ತೇನೆ. ಒಂದು ಕಡೆಯ ಹಲ್ಲುಗಳು ಉದ್ದ, ಇನ್ನೊಂದು ಕಡೆಯವು ಗಿಡ್ಡ ಆದರೆ ಗರಗಸ ನೇರ ಇಳಿಯುವುದಿಲ್ಲ, ಓರೆಯಾಗಿ ತಿರುಗಿ ಸಿಕ್ಕಿಬೀಳುತ್ತದೆ.

ತುಂಬಾ ಜನ ಮರೆಯುವುದು ಡೆಪ್ತ್ ಗೇಜನ್ನು. ಪ್ರತಿ ಹಲ್ಲಿನ ಮುಂದೆ ಒಂದು ಸಣ್ಣ ಗೂಟ ಇರುತ್ತದಲ್ಲ, ಅದು. ಹಲ್ಲು ಒಂದು ಸಲಕ್ಕೆ ಎಷ್ಟು ದಪ್ಪ ಚಕ್ಕೆ ತೆಗೆಯಬೇಕು ಅಂತ ತೀರ್ಮಾನಿಸುವುದು ಅದೇ. ಅರ ಹಾಕಿದಂತೆ ಹಲ್ಲು ತಗ್ಗುತ್ತಾ ಹೋಗುತ್ತದೆ, ಗೂಟ ಹಾಗೇ ಇರುತ್ತದೆ. ಕೊನೆಗೆ ಹಲ್ಲು ಎಷ್ಟು ಹರಿತ ಇದ್ದರೂ ಮರ ಮುಟ್ಟುವುದೇ ಇಲ್ಲ. ಸಾಮಾನ್ಯ ಚೈನ್‌ಗಳಲ್ಲಿ ಗೂಟ ಹಲ್ಲಿಗಿಂತ 0.65 ಮಿ.ಮೀ. ಕೆಳಗಿದ್ದರೆ ಸರಿ. ಒಂದಷ್ಟು ಸಲ ಅರ ಹಾಕಿದ ಮೇಲೆ ಗೇಜ್ ಪಟ್ಟಿ ಇಟ್ಟು, ಮೇಲೆ ಚಾಚಿದ್ದನ್ನು ಚಪ್ಪಟೆ ಅರದಿಂದ ಇಳಿಸುತ್ತೇನೆ. ಬೇಗ ಕೊಯ್ಯಲಿ ಅಂತ ಜಾಸ್ತಿ ಇಳಿಸಿದರೆ ಚೈನ್ ಕಚ್ಚಿ ಹಿಡಿಯುತ್ತದೆ, ಮೆಷಿನ್ ಒದೆಯುತ್ತದೆ. ಆ ಆಸೆ ಬೇಡ.

ಈ ಬಾಗಿದ ಹಲ್ಲಿನ ಚೈನ್ ಬಂದ ಕಥೆ ಚೆನ್ನಾಗಿದೆ. ಅಮೆರಿಕದ ಆರೆಗಾನ್‌ನಲ್ಲಿ ಮರ ಕಡಿಯುತ್ತಿದ್ದ ಜೋ ಕಾಕ್ಸ್ ಅನ್ನುವವರು, ಒಂದು ಜೀರುಂಡೆಯ ಹುಳು ತನ್ನ ಬಾಗಿದ ದವಡೆಯಿಂದ ಎಡಕ್ಕೊಮ್ಮೆ ಬಲಕ್ಕೊಮ್ಮೆ ಮರ ಕೊರೆಯುವುದನ್ನು ನೋಡಿದರು. ಅದನ್ನೇ ಉಕ್ಕಿನಲ್ಲಿ ಮಾಡಿ 1947ರಲ್ಲಿ ಚೈನ್ ಕಂಪನಿ ಶುರು ಮಾಡಿದರು. ಇವತ್ತಿನ ಚೈನ್‌ಗಳಲ್ಲೂ ಹಲ್ಲುಗಳು ಒಂದು ಎಡಕ್ಕೆ ಒಂದು ಬಲಕ್ಕೆ ಇರುತ್ತವೆ.

ಚೈನ್ ಕೊಳ್ಳುವಾಗ ಫುಲ್ ಚಿಸೆಲ್, ಸೆಮಿ ಚಿಸೆಲ್ ಅಂತ ಎರಡು ಸಿಗುತ್ತವೆ. ಫುಲ್ ಚಿಸೆಲ್‌ನ ಮೂಲೆ ಚೂಪು, ಹಸಿಯಾದ ಸ್ವಚ್ಛ ಮರದಲ್ಲಿ ಅದರ ವೇಗವೇ ಬೇರೆ. ಆದರೆ ಸೌದೆಯ ಕೆಲಸದಲ್ಲಿ ಸ್ವಚ್ಛ ಮರ ಎಲ್ಲಿ ಸಿಗುತ್ತದೆ? ನೆಲದಲ್ಲಿ ಎಳೆದು ತಂದದ್ದು, ತೊಗಟೆಯ ಸಂದಿಯಲ್ಲಿ ಮಣ್ಣು, ಒಣಗಿ ಗಟ್ಟಿಯಾದದ್ದು. ಮೂಲೆ ದುಂಡಗಿರುವ ಸೆಮಿ ಚಿಸೆಲ್ ಇಂಥ ಮರದಲ್ಲಿ ಜಾಸ್ತಿ ಹೊತ್ತು ಹರಿತ ಉಳಿಸಿಕೊಳ್ಳುತ್ತದೆ. ನಾನು ಸೌದೆಗೆ ಅದನ್ನೇ ಹಾಕುವುದು. ಮಣ್ಣು ಹತ್ತಿದ ಕಡೆ ಕೊಡಲಿಯಿಂದ ತೊಗಟೆ ಕೆತ್ತಿ ತೆಗೆದು ಆಮೇಲೆ ಕೊಯ್ಯುತ್ತೇನೆ. ಬೇಲಿಗೆ ಇದ್ದ ಮರವಾದರೆ ತಂತಿ, ಮೊಳೆ ಒಳಗೆ ಇರಬಹುದು ಅಂತಲೇ ನಡೆದುಕೊಳ್ಳುತ್ತೇನೆ.

ಇನ್ನು ಪೆಟ್ರೋಲ್. ಈಗಿನ ಹೆಚ್ಚಿನ ಟೂ ಸ್ಟ್ರೋಕ್ ಮೆಷಿನ್‌ಗಳಿಗೆ 50:1. ಅಂದರೆ ಲೀಟರಿಗೆ 20 ಮಿ.ಲೀ. ಟೂ ಸ್ಟ್ರೋಕ್ ಆಯಿಲ್. ಕೆಲವಕ್ಕೆ 40:1, ಅಂದರೆ 25 ಮಿ.ಲೀ. ಹಳೆಯ ಮೆಷಿನ್‌ಗಳಿಗೆ ಇನ್ನೂ ಜಾಸ್ತಿ ಕೇಳಬಹುದು, ಪುಸ್ತಕ ನೋಡಿಯೇ ಹಾಕಬೇಕು. ಅಂದಾಜಿನಲ್ಲಿ ಸುರಿಯುವುದು ಬೇಡ, ಗೆರೆ ಇರುವ ಅಳತೆ ಬಾಟಲಿ ಇಟ್ಟುಕೊಳ್ಳಿ. ಈ ಎಂಜಿನ್‌ಗೆ ಬೇರೆ ಆಯಿಲ್ ಇಲ್ಲ, ಪೆಟ್ರೋಲಿನ ಜೊತೆ ಬಂದದ್ದೇ ಪಿಸ್ಟನ್‌ಗೆ ಗತಿ. ಆಯಿಲ್ ಹಾಕದ ಪೆಟ್ರೋಲ್ ತುಂಬಿಸಿದರೆ ಒಂದು ಟ್ಯಾಂಕ್ ಮುಗಿಯುವುದರೊಳಗೇ ಸೀಜ್ ಆಗಬಹುದು. ಅದಕ್ಕೇ ನಾನು ಬೆರೆಸಿದ್ದಕ್ಕೆ ಬೇರೆ ಬಣ್ಣದ ಕ್ಯಾನ್ ಇಟ್ಟಿದ್ದೇನೆ, ಮೇಲೆ ಬೆರೆಸಿದ ತಾರೀಕು ಬರೆಯುತ್ತೇನೆ. ತಿಂಗಳು ದಾಟಿದ್ದನ್ನು ಮೆಷಿನ್‌ಗೆ ಹಾಕುವುದಿಲ್ಲ.

ತಿಂಗಳು ಅಂತ ಯಾಕೆ ಅಂದರೆ, ಎಥನಾಲ್ ಬೆರೆತ ಪೆಟ್ರೋಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಕಾರ್ಬುರೇಟರ್ ಒಳಗೆ ತೆಳ್ಳನೆಯ ಪೊರೆಯಂಥ ಡಯಾಫ್ರಮ್ ಇದೆ. ಮೆಷಿನ್ ಓರೆ ಹಿಡಿದರೂ ಮಗುಚಿ ಹಿಡಿದರೂ ಪೆಟ್ರೋಲ್ ಸರಿಯಾಗಿ ಬರುವುದು ಅದರಿಂದ. ತಿಂಗಳುಗಟ್ಟಲೆ ಹಳೇ ಪೆಟ್ರೋಲಿನಲ್ಲಿ ನೆನೆದು ಆಮೇಲೆ ಒಣಗಿದರೆ ಅದು ಪೆಡಸಾಗುತ್ತದೆ, ಸಣ್ಣ ರಂಧ್ರಗಳಲ್ಲಿ ಅಂಟು ಕಟ್ಟುತ್ತದೆ. ‘ಹೋದ ವರ್ಷ ಚೆನ್ನಾಗೇ ಇತ್ತು, ಈಗ ಸ್ಟಾರ್ಟೇ ಆಗ್ತಿಲ್ಲ’ ಅನ್ನುವ ಮೆಷಿನ್‌ಗಳ ಕಥೆ ಹೆಚ್ಚಾಗಿ ಇಷ್ಟೇ. ಸೌದೆ ಕೆಲಸ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಮೆಷಿನ್ ತಾನಾಗಿ ನಿಲ್ಲುವವರೆಗೆ ಐಡಲ್‌ನಲ್ಲಿ ಓಡಿಸಿ ಇಡುತ್ತೇನೆ.

ಸ್ಟಾರ್ಟ್ ಮಾಡುವುದರಲ್ಲೂ ಒಂದು ಹದ ಇದೆ. ತಣ್ಣಗಿರುವಾಗ ಪೂರ್ತಿ ಚೋಕ್. ಹಗ್ಗ ಎಳೆಯುತ್ತಾ ಹೋದರೆ ಒಂದು ಸಲ ‘ಪುಟ್’ ಅಂತ ಕೆಮ್ಮುತ್ತದೆ. ಆ ಕೆಮ್ಮು ಕೇಳಿದ ತಕ್ಷಣ ಚೋಕ್ ತೆಗೆಯಬೇಕು. ಎಂಜಿನ್ ಓಡಲಿ ಅಂತ ಚೋಕ್‌ನಲ್ಲೇ ಎಳೆಯುತ್ತಾ ಹೋದರೆ ಪ್ಲಗ್ ಒದ್ದೆಯಾಗುತ್ತದೆ. ಆಮೇಲೆ ಎಷ್ಟು ಎಳೆದರೂ ತೋಳು ನೋವಷ್ಟೇ. ಒದ್ದೆಯಾದರೆ ಪ್ಲಗ್ ಬಿಚ್ಚಿ ಒರೆಸಿ, ಸ್ವಿಚ್ ಆಫ್ ಇಟ್ಟು ಹಗ್ಗವನ್ನು ಕೆಲವು ಸಲ ಎಳೆದು, ಪ್ಲಗ್ ಹಾಕಿ ಚೋಕ್ ಇಲ್ಲದೆ ಸ್ಟಾರ್ಟ್ ಮಾಡಿ. ಪ್ಲಗ್ ಗ್ಯಾಪ್ ಸಾಮಾನ್ಯವಾಗಿ 0.5 ಮಿ.ಮೀ.

ಬಾರ್ ಆಯಿಲ್ ವಿಷಯದಲ್ಲಿ ಒಂದು ಸುಲಭದ ಲೆಕ್ಕ. ಪೆಟ್ರೋಲ್ ಟ್ಯಾಂಕ್ ಬರಿದಾಗುವಾಗ ಆಯಿಲ್ ಟ್ಯಾಂಕಿನಲ್ಲಿ ಸ್ವಲ್ಪ ಮಾತ್ರ ಉಳಿಯುವ ಹಾಗೆ ಅಳತೆ ಇಟ್ಟಿರುತ್ತಾರೆ. ಪೆಟ್ರೋಲ್ ಮುಗಿದರೂ ಆಯಿಲ್ ಹಾಗೇ ಇದೆ ಅಂದರೆ ಚೈನಿಗೆ ಹೋಗುತ್ತಿಲ್ಲ. ಬಾರಿನ ತುದಿಯನ್ನು ಒಂದು ರಟ್ಟಿನ ಮೇಲೆ ಸ್ವಲ್ಪ ಎತ್ತರದಲ್ಲಿ ಹಿಡಿದು ರೇಸ್ ಮಾಡಿ. ರಟ್ಟಿನ ಮೇಲೆ ಎಣ್ಣೆಯ ಗೆರೆ ಬೀಳಬೇಕು. ಬೀಳದಿದ್ದರೆ ಬಾರ್ ಬಿಚ್ಚಿ, ಚೈನ್ ಓಡುವ ಸಂದಿಯಲ್ಲಿ ಕಟ್ಟಿದ ಹೊಟ್ಟು ಕೆರೆದು, ಬಾರಿನ ಬುಡದ ಸಣ್ಣ ಎಣ್ಣೆ ತೂತನ್ನು ತಂತಿಯಿಂದ ಬಿಡಿಸಿ. ಹಳೇ ಎಂಜಿನ್ ಆಯಿಲ್ ಹಾಕುವವರಿದ್ದಾರೆ. ಅದರಲ್ಲಿ ಲೋಹದ ಪುಡಿ ಇರುತ್ತದೆ, ಪಂಪನ್ನೂ ಬಾರನ್ನೂ ತಿನ್ನುತ್ತದೆ. ಬಾರ್ ಬಿಚ್ಚಿದಾಗಲೆಲ್ಲ ಮಗುಚಿ ಹಾಕಿದರೆ ಎರಡೂ ಕಡೆ ಸಮನಾಗಿ ಸವೆಯುತ್ತದೆ.

ಚೈನ್ ಟೈಟ್ ಮಾಡುವಾಗ ಎಂಜಿನ್ ಆಫ್, ಕೈಗೆ ಗ್ಲೌಸ್. ಬಾರಿನ ಮೂತಿ ಮೇಲೆತ್ತಿ ಹಿಡಿದೇ ಟೈಟ್ ಮಾಡಿ ನಟ್ ಬಿಗಿಯಬೇಕು. ಕೆಳಗೆ ಜೋತು ಬೀಳಬಾರದು, ಕೈಯಲ್ಲಿ ಎಳೆದರೆ ಸಲೀಸಾಗಿ ಓಡಬೇಕು. ಹೊಸ ಚೈನ್ ಬೇಗ ಹಿಗ್ಗುತ್ತದೆ, ಆಗಾಗ ನೋಡುತ್ತಿರಬೇಕು. ಬಿಸಿಯಲ್ಲಿ ಟೈಟ್ ಮಾಡಿದ್ದನ್ನು ಕೆಲಸ ಮುಗಿದ ಮೇಲೆ ಸಡಿಲಿಸಿ ಇಡಬೇಕು. ತಣ್ಣಗಾದಾಗ ಚೈನ್ ಕುಗ್ಗಿ ಬಾರನ್ನೂ ಕ್ರ್ಯಾಂಕ್ ಬೇರಿಂಗನ್ನೂ ಎಳೆಯುತ್ತದೆ.

ಏರ್ ಫಿಲ್ಟರ್ ಝಾಡಿಸುವುದು, ಸಿಲಿಂಡರಿನ ರೆಕ್ಕೆಗಳ ನಡುವಿನ ಹೊಟ್ಟು ತೆಗೆಯುವುದು, ಇವನ್ನು ವಿವರಿಸಬೇಕಿಲ್ಲ. ಕಾರ್ಬುರೇಟರ್ ಸ್ಕ್ರೂ ಬಗ್ಗೆ ಮಾತ್ರ ಒಂದು ಮಾತು. ಪವರ್ ಇಲ್ಲ ಅಂತ, ಜೋರು ವೇಗದಲ್ಲಿ ಪೆಟ್ರೋಲ್ ಅಳತೆ ಮಾಡುವ H ಸ್ಕ್ರೂ ಬಿಗಿ ಮಾಡಿದರೆ ಶಬ್ದ ಜೋರಾಗುತ್ತದೆ, ಕೇಳಲು ಖುಷಿ. ಆದರೆ ಪೆಟ್ರೋಲ್ ಕಡಿಮೆಯಾದರೆ ಆಯಿಲೂ ಕಡಿಮೆ, ಪಿಸ್ಟನ್ ಸುಡುತ್ತದೆ. ಚೈನ್ ಹರಿತ ಮಾಡಿ ಫಿಲ್ಟರ್ ತೊಳೆದ ಮೇಲೂ ತೊಂದರೆ ಇದ್ದರೆ ಮಾತ್ರ ಆ ಕಡೆ ನೋಡಿ.

ಕೊಯ್ಯುವಾಗ ಬಾರ್ ಸಿಕ್ಕಿಕೊಳ್ಳುವುದೂ ಮೆಷಿನ್ ತಪ್ಪಲ್ಲ. ದಿಮ್ಮಿಯ ಎರಡೂ ತುದಿಗೆ ಆಧಾರ ಇದ್ದರೆ ನಡು ಬಾಗಿ ಮೇಲ್ಭಾಗ ಒತ್ತುತ್ತದೆ. ಮೇಲಿಂದ ಮೂರನೇ ಒಂದು ಭಾಗ ಕೊಯ್ದು, ಉಳಿದದ್ದನ್ನು ಕೆಳಗಿನಿಂದ ಮುಗಿಸುತ್ತೇನೆ. ಒಂದು ತುದಿ ಗಾಳಿಯಲ್ಲಿ ಇದ್ದರೆ ಇದರ ಉಲ್ಟಾ. ದಪ್ಪ ದಿಮ್ಮಿಗೆ ಗರಗಸದ ಹಿಂದೆ ಬೆಣೆ ಬಡಿಯುತ್ತೇನೆ. ಬೆಣೆ ಪ್ಲಾಸ್ಟಿಕ್ಕಿನದೋ ಮರದ್ದೋ ಇರಲಿ, ಕಬ್ಬಿಣದ್ದು ಚೈನಿಗೆ ತಾಗಿದರೆ ಹಲ್ಲು ಹೋಯಿತು. ಬಾರಿನ ಮೂತಿಯ ಮೇಲಿನ ಕಾಲು ಭಾಗ ಯಾವುದಕ್ಕೂ ತಾಗಬಾರದು. ಕಿಕ್‌ಬ್ಯಾಕ್ ಆಗುವುದು ಅಲ್ಲೇ, ಮೆಷಿನ್ ಕಣ್ಣು ಮಿಟುಕಿಸುವುದರೊಳಗೆ ಮುಖದ ಕಡೆ ಹಾರುತ್ತದೆ. ಎಡಗೈ ಹೆಬ್ಬೆರಳು ಹಿಡಿಯ ಸುತ್ತ ಬಿಗಿಯಾಗಿರಲಿ, ತಲೆ ಬಾರಿನ ನೇರಕ್ಕೆ ಬೇಡ. ಕಿವಿಗೆ ಮಫ್, ಕಣ್ಣಿಗೆ ಕನ್ನಡಕ, ಚೈನ್ ತಡೆಯುವ ಪ್ಯಾಂಟ್ ಇಲ್ಲದೆ ನಾನು ಹಗ್ಗ ಎಳೆಯುವುದಿಲ್ಲ. ಆ ಪ್ಯಾಂಟ್ ಒಳಗಿನ ಉದ್ದನೆಯ ಎಳೆಗಳು ಚೈನ್ ತಿರುಗಿಸುವ ಹಲ್ಲುಚಕ್ರಕ್ಕೆ (ಸ್ಪ್ರಾಕೆಟ್) ಸುತ್ತಿಕೊಂಡು ಚೈನ್ ನಿಲ್ಲಿಸುತ್ತವೆ.

ಈಗ ಯಾವ ಮೆಷಿನ್ ಅನ್ನುವ ಪ್ರಶ್ನೆ. ಸೌದೆಗೆ 45ರಿಂದ 50 ಸಿಸಿ, 16 ಇಂಚಿನ ಬಾರ್ ನನ್ನ ಆಯ್ಕೆ. ಉದ್ದ ಬಾರ್ ನೋಡಲು ಗತ್ತು. ಆದರೆ ಮರದೊಳಗೆ ಒಟ್ಟಿಗೆ ಓಡುವ ಹಲ್ಲು ಜಾಸ್ತಿ ಆದಷ್ಟೂ ಎಂಜಿನ್‌ಗೆ ಭಾರ, ಅರ ಹಾಕಬೇಕಾದ ಹಲ್ಲುಗಳೂ ಜಾಸ್ತಿ. ಬ್ಯಾಟರಿ ಮೆಷಿನ್ ಕೊಂಬೆ, ತೆಳು ದಿಮ್ಮಿಗಳಿಗೆ ಆರಾಮ. ಪೆಟ್ರೋಲ್ ತಲೆನೋವೇ ಇಲ್ಲ. ದಿನವಿಡೀ ದಪ್ಪ ಮರ ಕೊಯ್ಯುವುದಾದರೆ ಬ್ಯಾಟರಿ ಬದಲಿಸುತ್ತಾ ಕೂರಬೇಕಾಗುತ್ತದೆ. ಬಿಡಿಭಾಗ ಹತ್ತಿರದಲ್ಲಿ ಸಿಗುವ ಕಂಪನಿಯದು ತಗೊಳ್ಳಿ, ಅಷ್ಟೇ.

ಸೆಕೆಂಡ್ ಹ್ಯಾಂಡ್ ನೋಡುವುದಾದರೆ ಸ್ಟಾರ್ಟ್ ಆಗುತ್ತೆ ಅಂತ ಮರುಳಾಗಬೇಡಿ. ಎಂಜಿನ್ ತಣ್ಣಗಿರುವಾಗ ಸೈಲೆನ್ಸರ್ ಬಿಚ್ಚಿಸಿ. ಹಗ್ಗವನ್ನು ನಿಧಾನ ಎಳೆಯುತ್ತಾ ಹೊಗೆ ಬರುವ ತೂತಿನಿಂದ ಟಾರ್ಚ್ ಬಿಟ್ಟು ಪಿಸ್ಟನ್ ನೋಡಿ. ಅಡ್ಡಡ್ಡ ಸಣ್ಣ ಗೆರೆಗಳು ಕಂಡರೆ ಒಳ್ಳೆಯದೇ, ಕಾರ್ಖಾನೆಯಲ್ಲಿ ಕಡೆದಾಗಿನವು. ಮೇಲಿಂದ ಕೆಳಕ್ಕೆ ಗೀರು ಬಿದ್ದಿದ್ದರೆ ಆಯಿಲ್ ಸಾಲದೆ ಓಡಿದ ಮೆಷಿನ್ ಅದು. ಸೈಲೆನ್ಸರ್ ಬಿಚ್ಚಲು ಬಿಡದ ಮಾರಾಟಗಾರನ ಹತ್ತಿರ ನಾನು ಬೆಲೆ ಕೇಳುವುದೂ ಇಲ್ಲ.