ನಂಟೋ, ಕಾಕತಾಳೀಯವೋ? ಕೈ-ವರ್ಗ ಪರೀಕ್ಷೆ ಮಾಡುವ ಬಗೆ

ಸುದ್ದಿಯನ್ನು ಪತ್ರಿಕೆಯಲ್ಲಿ ಓದುತ್ತಾರೋ ಮೊಬೈಲಿನಲ್ಲೋ ಎಂಬುದಕ್ಕೂ ವಯಸ್ಸಿಗೂ ನಂಟಿದೆಯೇ? ಇಂಥ ಪ್ರಶ್ನೆಯಲ್ಲಿ ಸರಾಸರಿ ತೆಗೆಯಲು ಏನೂ ಇರುವುದಿಲ್ಲ. ಗುಂಪು ಮಾಡಿ ತಲೆ ಎಣಿಸಬೇಕು, ಅಷ್ಟೆ. ಕಾರ್ಲ್ ಪಿಯರ್‌ಸನ್ 1900ರಲ್ಲಿ ರೂಪಿಸಿದ ಕೈ-ವರ್ಗ (chi-square; ‘ಕೈ’ ಎಂದರೆ ಗ್ರೀಕ್ ಅಕ್ಷರ χ) ಪರೀಕ್ಷೆ ಇರುವುದೇ ಇದಕ್ಕೆ.

ಲೆಕ್ಕಕ್ಕಾಗಿ 200 ಓದುಗರನ್ನು ಕಲ್ಪಿಸಿಕೊಳ್ಳಿ. ನಲವತ್ತರ ಒಳಗಿನವರು 120: ಪತ್ರಿಕೆ 45, ಮೊಬೈಲ್ 75. ನಲವತ್ತು ದಾಟಿದವರು 80: ಪತ್ರಿಕೆ 45, ಮೊಬೈಲ್ 35. ಇದನ್ನು ನಾಲ್ಕು ಮನೆಗಳ ಕೋಷ್ಟಕವಾಗಿ ಬರೆದು, ಅಡ್ಡಸಾಲು, ಕಂಬಸಾಲುಗಳ ಮೊತ್ತ ಹಾಕಿ. ಒಟ್ಟು ಪತ್ರಿಕೆ 90, ಮೊಬೈಲ್ 110. ಒಬ್ಬರು ಒಂದೇ ಮನೆಯಲ್ಲಿರಬೇಕು. ಶೇಕಡಾವಾರು ಅಂಕಿಗಳನ್ನು ತುಂಬಬೇಡಿ. ಲೆಕ್ಕ ಕೆಡುವುದು ಹೆಚ್ಚಾಗಿ ಅಲ್ಲೇ.

ಈಗ ಪರೀಕ್ಷೆಯ ಜೀವಾಳ. ನಂಟೇ ಇಲ್ಲ ಎಂದುಕೊಳ್ಳಿ (ಇದೇ ಶೂನ್ಯ ಪ್ರಾಕ್ಕಲ್ಪನೆ). ಹಾಗಿದ್ದರೆ ಎರಡೂ ವಯೋಗುಂಪಿನಲ್ಲಿ ಪತ್ರಿಕೆ ಓದುವವರ ಪಾಲು ಒಂದೇ ಇರಬೇಕು: 200ಕ್ಕೆ 90. ಅಂದರೆ 120 ಕಿರಿಯರಲ್ಲಿ 54 ಮಂದಿ. ಸೂತ್ರವೂ ಇದನ್ನೇ ಹೇಳುತ್ತದೆ: ಅಡ್ಡಮೊತ್ತವನ್ನು ಕಂಬಮೊತ್ತದಿಂದ ಗುಣಿಸಿ ಒಟ್ಟಿನಿಂದ ಭಾಗಿಸಿ. ಉಳಿದ ಮನೆಗಳ ನಿರೀಕ್ಷಿತ ಸಂಖ್ಯೆ 66, 36, 44. ಯಾವುದಾದರೂ ಮನೆಯಲ್ಲಿ ಇದು 5ಕ್ಕಿಂತ ಕಡಿಮೆ ಬಂದರೆ ಇಲ್ಲಿಗೇ ನಿಲ್ಲಿಸಿ, ಫಿಷರ್ ನಿಖರ ಪರೀಕ್ಷೆಗೆ ಹೋಗುವುದು ಲೇಸು.

ಎಣಿಸಿದ್ದಕ್ಕೂ ನಿರೀಕ್ಷಿಸಿದ್ದಕ್ಕೂ ಇರುವ ಅಂತರವನ್ನು ವರ್ಗ ಮಾಡಿ, ನಿರೀಕ್ಷಿತ ಸಂಖ್ಯೆಯಿಂದ ಭಾಗಿಸಿ. ಇಲ್ಲಿ ಎಲ್ಲ ಮನೆಗಳಲ್ಲೂ ಅಂತರ 9, ಅದರ ವರ್ಗ 81. ಅದನ್ನು 54, 66, 36, 44ರಿಂದ ಭಾಗಿಸಿದರೆ 1.50, 1.23, 2.25, 1.84. ಕೂಡಿದರೆ 6.82.

ಇದು ದೊಡ್ಡ ಸಂಖ್ಯೆಯೇ? ಅದನ್ನು ತೀರ್ಮಾನಿಸುವುದು ಸ್ವಾತಂತ್ರ್ಯದ ಮಟ್ಟ. ಅಡ್ಡಸಾಲುಗಳಿಂದ ಒಂದು, ಕಂಬಸಾಲುಗಳಿಂದ ಒಂದು ಕಳೆದು ಗುಣಿಸಿ. ನಮ್ಮದು 1. ಮೊತ್ತಗಳು ಗೊತ್ತಿದ್ದರೆ ಒಂದು ಮನೆ ತುಂಬಿದೊಡನೆ ಉಳಿದ ಮೂರೂ ತಾವೇ ತುಂಬಿಕೊಳ್ಳುತ್ತವೆ, ನೋಡಿ. ತಮಾಷೆಯೆಂದರೆ, ಪಿಯರ್‌ಸನ್ ಅವರೇ ಇಲ್ಲಿ ಎಡವಿ 3 ಎಂದಿದ್ದರು; 1922ರಲ್ಲಿ ಆರ್. ಎ. ಫಿಷರ್ ಅದನ್ನು ತಿದ್ದಿದರು. ಶೇ 5ರ ಮಟ್ಟದಲ್ಲಿ (ಅಂದರೆ ನಂಟಿಲ್ಲದಿದ್ದರೂ ಆಕಸ್ಮಿಕವಾಗಿ ಗಡಿ ದಾಟುವ ಸಂಭವ ನೂರಕ್ಕೆ ಐದು) 3ಕ್ಕೆ ಗಡಿ 7.81, 1ಕ್ಕೆ 3.84. ಪಿಯರ್‌ಸನ್ ಲೆಕ್ಕ ಹಿಡಿದಿದ್ದರೆ ನಮ್ಮ 6.82 ಗಡಿಯೊಳಗೇ ಉಳಿಯುತ್ತಿತ್ತು! ಸರಿಯಾದ ಲೆಕ್ಕದಲ್ಲಿ ಗಡಿ ದಾಟಿದೆ. ನಂಟಿಲ್ಲ ಎಂಬ ಊಹೆಯನ್ನು ಕೈಬಿಡಬಹುದು. ವಯಸ್ಸೇ ಕಾರಣ ಎನ್ನಲು ಮಾತ್ರ ಇದು ಸಾಲದು.

ಸಂಖ್ಯೆ ದೊಡ್ಡದೆಂದು ನಂಟೂ ಗಟ್ಟಿ ಎಂದುಕೊಳ್ಳಬೇಡಿ. ಇದೇ ಅನುಪಾತದಲ್ಲಿ 40 ಜನರನ್ನಷ್ಟೇ ಕೇಳಿದ್ದರೆ ಉತ್ತರ 1.36, ಗಡಿಯ ಹತ್ತಿರವೂ ಇಲ್ಲ. 2,000 ಜನರಾಗಿದ್ದರೆ 68. ನಂಟಿನ ಬಲ ಬೇಕೆಂದರೆ ಉತ್ತರವನ್ನು ಒಟ್ಟು ಜನರಿಂದ ಭಾಗಿಸಿ ವರ್ಗಮೂಲ ತೆಗೆಯಿರಿ: ಮೂರರಲ್ಲೂ ಬರುವುದು ಅದೇ 0.18.