ಲೋಟದ ಕೆಳಗಿನ ಕ್ರೋಶಾ

ಮನೆಗೆಂದು ಕ್ರೋಶಾ ಕೋಸ್ಟರ್, ಅಂದರೆ ಲೋಟದಡಿ ಇಡುವ ಕೊಕ್ಕೆಕಡ್ಡಿ ಹೆಣಿಗೆಯ ಬಿಲ್ಲೆ, ಹೆಣೆಯುವವರು ಈಗ ಹೆಚ್ಚುತ್ತಿದ್ದಾರೆ, ಸಂತೋಷವೇ. ಆದರೆ ನನ್ನ ಕಣ್ಣಿಗೆ ಬೀಳುವವುಗಳಲ್ಲಿ ಬಹಳಷ್ಟು ಗೋಡೆಗೆ ತೂಗುಹಾಕಲು ಚೆನ್ನ, ಲೋಟ ಇಡಲು ಅಲ್ಲ. ನಡುವೆ ಉಬ್ಬಿದ ಗುಲಾಬಿ, ಸುತ್ತ ಜಾಳುಜಾಳಾದ ಜಾಲರಿ. ಗುಲಾಬಿಯ ಮೇಲೆ ಸ್ಟೀಲ್ ಲೋಟ ಇಟ್ಟರೆ ವಾಲುತ್ತದೆ. ಜಾಲರಿಯಿಂದ ನೀರು ಇಳಿದು ಟೀಪಾಯಿಯ ಪಾಲಿಶ್ ಮೇಲೆ ಬಿಳಿ ಉಂಗುರ ಮೂಡುತ್ತದೆ. ಲೋಟ ಕೂರುವ ಜಾಗ ಸಮತಟ್ಟಾಗಿ, ಒತ್ತಾಗಿ ಇರಲಿ. ಅಲಂಕಾರವೆಲ್ಲ ಅಂಚಿಗೆ ಹೋಗಲಿ.

ದಾರ ಹತ್ತಿಯದೇ ಆಗಬೇಕು, ಇದರಲ್ಲಿ ರಾಜಿ ಬೇಡ. ಸ್ವೆಟರ್ ಹೆಣೆದು ಉಳಿದ ಉಂಡೆಗಳನ್ನು ಖರ್ಚು ಮಾಡುವ ಆಸೆ ಎಲ್ಲರಿಗೂ ಇರುತ್ತದೆ. ಆದರೆ ಅಂಗಡಿಯಲ್ಲಿ ಉಲ್ಲನ್ ಎಂದು ಕೊಡುವುದು ಬಹುಪಾಲು ಅಕ್ರಿಲಿಕ್. ಅದು ನೀರನ್ನು ಹೀರುವುದಿಲ್ಲ. ಫ್ರಿಜ್ಜಿನಿಂದ ತೆಗೆದ ಮಜ್ಜಿಗೆಯ ಲೋಟ ಬೆವರಿದರೆ ಆ ನೀರೆಲ್ಲ ನೇರವಾಗಿ ಮರಕ್ಕೇ ಇಳಿಯುತ್ತದೆ. ಯಾವ ದಾರವೆಂದು ಅನುಮಾನವಿದ್ದರೆ ಬೆರಳುದ್ದದ ತುಂಡನ್ನು ಇಕ್ಕಳದಲ್ಲಿ ಹಿಡಿದು, ಸಿಂಕಿನ ಮೇಲೆ ಬೆಂಕಿ ತಾಗಿಸಿ ನೋಡಿ. ಹತ್ತಿ ಕಾಗದ ಸುಟ್ಟ ವಾಸನೆ ಬೀರುತ್ತಾ ಉರಿದು ಮೆತ್ತನೆಯ ಬೂದಿಯಾಗುತ್ತದೆ. ಅಕ್ರಿಲಿಕ್ ಕರಗಿ, ತಣ್ಣಗಾದ ಮೇಲೆ ತುದಿಯಲ್ಲಿ ಕರಿಯ ಗಟ್ಟಿ ಗಂಟಾಗಿ ಉಳಿಯುತ್ತದೆ. ಎಂಟೆಳೆಯ ಹತ್ತಿ ದಾರಕ್ಕೆ 3 ಅಥವಾ 3.5 ಮಿಲಿಮೀಟರಿನ ಕಡ್ಡಿ ಸಾಕು. ಹಿಂದೆ ಬಾಗಿಲ ತೋರಣಕ್ಕೂ ಟಿವಿ ಹೊದಿಕೆಗೂ ಬಳಸುತ್ತಿದ್ದ 20ನೇ ನಂಬರಿನ ನವಿರು ದಾರ ಮನೆಯಲ್ಲಿದ್ದರೆ ನಾಲ್ಕೈದು ಎಳೆ ಕೂಡಿಸಿ ಹೆಣೆಯಿರಿ. ಒಂಟಿ ಎಳೆಯಲ್ಲಿ ಹೆಣೆದರೆ ಲೋಟದ ಬಿಸಿಯೂ ನಿಲ್ಲುವುದಿಲ್ಲ, ನೀರೂ ನಿಲ್ಲುವುದಿಲ್ಲ.

ಇನ್ನು ಲೆಕ್ಕ. ಕ್ರೋಶಾ ಕಲಿತವರು ಎಡವುವುದೆಲ್ಲ ಇಲ್ಲೇ. ದಾರದ ಉಂಗುರ ಮಾಡಿಕೊಂಡು ಮೂರು ಚೈನ್ (ಸರಪಳಿ ಕುಣಿಕೆ) ಹಾಕಿ, ಅದನ್ನೇ ಮೊದಲ ಕಂಬವೆಂದು (ಕಡ್ಡಿಗೆ ಒಮ್ಮೆ ದಾರ ಸುತ್ತಿ ಹಾಕುವ ಎತ್ತರದ ಹೆಣಿಗೆ) ಹಿಡಿದು, ಒಟ್ಟು 12 ಕಂಬ ಹಾಕಿ. ಎರಡನೇ ಸುತ್ತಿನಲ್ಲಿ ಪ್ರತಿ ಕಂಬದ ಮೇಲೆ ಎರಡೆರಡು, ಅಲ್ಲಿಗೆ 24. ಮೂರನೆಯದರಲ್ಲಿ ಒಂದರಲ್ಲಿ ಎರಡು, ಮುಂದಿನದರಲ್ಲಿ ಒಂದು, 36. ನಾಲ್ಕನೆಯದರಲ್ಲಿ ಒಂದರಲ್ಲಿ ಎರಡು, ಮುಂದಿನ ಎರಡರಲ್ಲಿ ಒಂದೊಂದು, 48. ಸುತ್ತಿಗೆ ಹನ್ನೆರಡು ಕೂಡುತ್ತಾ ಹೋದರೆ ಬಿಲ್ಲೆ ಚಪ್ಪಟೆಯಾಗಿ ಮಲಗುತ್ತದೆ. ಕಡಿಮೆಯಾದರೆ ಅಂಚು ಮೇಲೆದ್ದು ಬಟ್ಟಲಾಗುತ್ತದೆ, ಹೆಚ್ಚಾದರೆ ಅಲೆಅಲೆಯಾಗಿ ಮುದುಡುತ್ತದೆ. ಆಮೇಲೆ ಇಸ್ತ್ರಿ ಹಾಕಿ ಸರಿಮಾಡಿಕೊಳ್ಳೋಣ ಎಂದುಕೊಳ್ಳಬೇಡಿ, ಒಂದು ಒಗೆತಕ್ಕೆ ಮತ್ತೆ ಅದೇ ಆಕಾರಕ್ಕೆ ಬರುತ್ತದೆ. ಸುತ್ತು ಮುಗಿದಾಗಲೆಲ್ಲ ಎಣಿಸಿ. ಮಾತನಾಡುತ್ತಾ ಹೆಣೆಯುವವರಂತೂ ಎರಡು ಸಲ ಎಣಿಸಿ. ವಿಡಿಯೊ ನೋಡಿ ಕಲಿಯುವವರಿಗೆ ಒಂದು ಎಚ್ಚರಿಕೆ: ನಾನು ಕಂಬ ಎಂದದ್ದನ್ನು ಅಮೆರಿಕದವರು ಡಬಲ್ ಎನ್ನುತ್ತಾರೆ, ಬ್ರಿಟಿಷ್ ಪುಸ್ತಕಗಳು ಟ್ರೆಬಲ್ ಎನ್ನುತ್ತವೆ. ಯಾರ ಲೆಕ್ಕವೆಂದು ಮೊದಲೇ ನೋಡಿಕೊಳ್ಳದಿದ್ದರೆ ಅಳತೆ ಎಲ್ಲಿಯದೋ ಎಲ್ಲಿಗೋ ಹೋಗುತ್ತದೆ.

ಎಂಟೆಳೆಯ ದಾರದಲ್ಲಿ ನಾಲ್ಕು ಸುತ್ತಿಗೆ ಸುಮಾರು 10 ಸೆಂಟಿಮೀಟರ್ ಅಗಲ ಬರುತ್ತದೆ. ಕಾಫಿ ಲೋಟಕ್ಕೂ ಅದರ ಬಟ್ಟಲಿಗೂ ಅಷ್ಟು ಸಾಕು. ಆದರೂ ನಿಮ್ಮ ಮನೆಯ ಮಗ್ಗನ್ನು ಮೇಲಿಟ್ಟು ನೋಡಿ. ತಳದ ಸುತ್ತ ಒಂದು ಬೆರಳಿನಷ್ಟು ಜಾಗ ಉಳಿಯಬೇಕು, ಅದಾದ ಮೇಲೆಯೇ ಅಂಚು.

ಅಂಚಿಗೆ ನನ್ನ ಮೆಚ್ಚಿನದು ಕಪ್ಪೆಚಿಪ್ಪಿನ ಸಾಲು. ಎರಡು ಕಂಬ ಬಿಟ್ಟು ಮೂರನೆಯದರಲ್ಲಿ ಐದು ಕಂಬ ಒಟ್ಟಿಗೆ ಹಾಕಿ, ಮತ್ತೆ ಎರಡು ಬಿಟ್ಟು ಮುಂದಿನದಕ್ಕೆ ಕಡ್ಡಿ ತೂರಿಸಿ ಬಿಗಿದುಬಿಡಿ. ಒಂದು ಚಿಪ್ಪು ಆರು ಕಂಬಗಳನ್ನು ನುಂಗುತ್ತದೆ, ಹಾಗಾಗಿ 48ರ ಮೇಲೆ ಎಂಟು ಚಿಪ್ಪು ಸರಿಯಾಗಿ ಕೂರುತ್ತವೆ. ಕೊನೆಯಲ್ಲಿ ಅರ್ಧ ಚಿಪ್ಪಿಗೆ ಮಾತ್ರ ಜಾಗ ಉಳಿದರೆ ನೀವು ಎಲ್ಲೋ ಕಂಬಗಳ ಎಣಿಕೆ ತಪ್ಪಿದ್ದೀರಿ ಎಂದೇ ಅರ್ಥ. ನಡುವೆ ಕೆನೆಬಣ್ಣ, ಅಂಚಿಗೆ ಗಾಢ ಹಸಿರೋ ಕುಂಕುಮದ ಕೆಂಪೋ ಚೆನ್ನಾಗಿ ಕಾಣುತ್ತದೆ. ಕೆಂಪು ದಾರವನ್ನು ಮಾತ್ರ ಹೆಣೆಯುವ ಮೊದಲು ಬಿಳಿ ಬಟ್ಟೆಯಲ್ಲಿ ಸುತ್ತಿ ಒದ್ದೆ ಮಾಡಿ ನೋಡಿ. ಬಟ್ಟೆಗೆ ಬಣ್ಣ ಹತ್ತಿದರೆ ಆ ದಾರ ಬೇಡ.

ದಾರದ ತುದಿಯನ್ನು ಗಂಟು ಹಾಕಿ ಕತ್ತರಿಸುವ ಅಭ್ಯಾಸ ಒಳ್ಳೆಯದಲ್ಲ. ಗಂಟು ಲೋಟದ ತಳಕ್ಕೆ ಒತ್ತುತ್ತದೆ, ಒಗೆದಾಗ ಬಿಚ್ಚಿಕೊಳ್ಳುತ್ತದೆ. ಗೇಣುದ್ದ ತುದಿ ಬಿಟ್ಟು, ಮೊಂಡು ಸೂಜಿಯಿಂದ ಹಿಂಬದಿಯ ಕಂಬಗಳೊಳಗೆ ಒಮ್ಮೆ ಬಲಕ್ಕೆ ಎಳೆದು, ಒಂದೆಳೆ ಬಿಟ್ಟು ಮತ್ತೆ ಎಡಕ್ಕೆ ತಿರುಗಿಸಿ. ಮುಗಿದ ಬಿಲ್ಲೆಯನ್ನು ನೀರಿನಲ್ಲಿ ಅದ್ದಿ, ಟವೆಲಿನಲ್ಲಿ ಒತ್ತಿ, ಇನ್ನೊಂದು ಟವೆಲಿನ ಮೇಲೆ ಹರಡಿ ಪ್ರತಿ ಚಿಪ್ಪಿನ ತುದಿಗೂ ಗುಂಡುಸೂಜಿ ಚುಚ್ಚಿ ಒಣಗಲು ಬಿಡಿ. ಸೂಜಿಗೆ ತುಕ್ಕು ಹಿಡಿದಿರಬಾರದು, ತುಕ್ಕಿನ ಕಲೆ ಬಿಡಿಸುವುದು ಬಹಳ ಕಷ್ಟ.

ಗಂಜಿ ಹಾಕಬೇಕೆ ಎಂದು ಕೇಳುತ್ತಾರೆ. ತೋರಣಕ್ಕೆ ಹಾಕಿ, ಕೋಸ್ಟರಿಗೆ ಬೇಡ. ಗಂಜಿ ಹಾಕಿದ್ದು ಬಿರುಸಾಗಿ ಲೋಟದಡಿ ಜಾರುತ್ತದೆ, ಒದ್ದೆಯಾದಾಗ ಅಂಟಂಟಾಗುತ್ತದೆ. ಡ್ರಾಯರಿನಲ್ಲಿಟ್ಟರೆ ಬೆಳ್ಳಿಹುಳುವಿಗೂ ಜಿರಳೆಗೂ ಔತಣ. ಒಲೆಯಿಂದ ಇಳಿಸಿದ ಕುಕ್ಕರನ್ನು ಇದರ ಮೇಲೆ ಇಡಬೇಡಿ, ಅದಕ್ಕೆ ಮರದ ಹಲಗೆಯೇ ಸರಿ.

ಕಾಫಿ ಚೆಲ್ಲಿದರೆ ಕಲೆ ಒಣಗುವ ಮೊದಲೇ ತಣ್ಣೀರಿನಲ್ಲಿ ಹಿಂಡಿ. ಸಾರಿನ ಅರಿಸಿನ ಹತ್ತಿದ್ದಕ್ಕೆ ಸೋಪು ಹಾಕಿದೊಡನೆ ಕೆಂಪಾದರೆ ಹೆದರಬೇಡಿ, ಸೋಪಿನ ಕ್ಷಾರಕ್ಕೆ ಅರಿಸಿನ ಹಾಗೆ ತಿರುಗುವುದು ಸಹಜ. ಚೆನ್ನಾಗಿ ಜಾಲಿಸಿ ನೇರ ಬಿಸಿಲಿಗೆ ಹರಡಿ. ಬಿಸಿಲು ತಗಲುತ್ತಾ ಹಳದಿ ಇಳಿಯುತ್ತದೆ. ಬಣ್ಣದ ಅಂಚಿರುವುದಾದರೆ ಅಂಚನ್ನು ಒಂದು ಬಟ್ಟೆಯಿಂದ ಮುಚ್ಚಿ ನಡುವನ್ನು ಮಾತ್ರ ಬಿಸಿಲಿಗೆ ಬಿಡಿ.